ಒಂದೇ ಸರದಲ್ಲಿ ಶಿಲುಬೆ ಮತ್ತು ಸುತ್ತಿಗೆ: ವೈಕಿಂಗ್ ಡೆತ್ ಮೆಟಲ್ ಹಿಂದಿನ ಚರಿತ್ರೆ



ಹೋದ ತಿಂಗಳು ನಮ್ಮ ಗಾನವೃಂದದ ಅಭ್ಯಾಸದ ದಿನ ಒಂದು ಸಣ್ಣ ಗಲಾಟೆಯಾಯಿತು. ಗಿಟಾರ್ ನುಡಿಸುವ ನಮ್ಮ ತಮ್ಮನೊಬ್ಬನ ಕೊರಳ ಸರದಲ್ಲಿ ಮೊದಲ ಪರಮಪ್ರಸಾದದ ದಿನ ಅಜ್ಜಿ ಕೊಟ್ಟ ಶಿಲುಬೆ ಇತ್ತು. ಅದರ ಪಕ್ಕದಲ್ಲೇ ಒಂದು ಪುಟ್ಟ ಸುತ್ತಿಗೆಯೂ ತೂಗಾಡುತ್ತಿತ್ತು. ಹಿರಿಯರೊಬ್ಬರು ನೋಡಿ, "ಏನಪ್ಪಾ, ಬಡಗಿ ಕೆಲಸಕ್ಕೆ ಸೇರಿಕೊಂಡ್ಯಾ?" ಎಂದು ನಗುತ್ತಲೇ ಕೇಳಿದರು. "ಅಲ್ಲ ಅಂಕಲ್, ಇದು ಥಾರ್ ಅನ್ನೋ ದೇವರ ಸುತ್ತಿಗೆ. ನಾನು ಕೇಳೋ ಬ್ಯಾಂಡಿನವರು ಹಾಕ್ಕೋತಾರೆ" ಎಂದ ಅವನು. ಅವರ ಮುಖದಲ್ಲಿದ್ದ ನಗು ಹೋಯಿತು. "ಶಿಲುಬೆ ಪಕ್ಕದಲ್ಲಿ ಇನ್ನೊಂದು ದೇವರ ಆಯುಧವಾ? ಎರಡರಲ್ಲಿ ಒಂದು ತೆಗಿ" ಎಂದರು. ಅವನು ಏನೂ ಮಾತಾಡದೆ ಸರವನ್ನೇ ಬಿಚ್ಚಿ ಜೇಬಿಗೆ ಹಾಕಿಕೊಂಡ. ಆಮೇಲಿನ ಎರಡು ಭಾನುವಾರ ಅವನು ಗಾನವೃಂದದ ಕಡೆ ಬರಲಿಲ್ಲ.

ಯಾರು ಸರಿ, ಯಾರು ತಪ್ಪು ಎಂದು ಆ ದಿನವೇ ನಮ್ಮಲ್ಲಿ ಎರಡು ಗುಂಪಾಯಿತು. ಅದು ಸೈತಾನನ ಸಂಗೀತ ಎಂದರು ಕೆಲವರು. ಬರೀ ಹಾಡು ತಾನೇ, ಬಿಡಿ ಎಂದರು ಉಳಿದವರು. ಆದರೆ ಆ ಸುತ್ತಿಗೆಯ ಕಥೆ ಏನು, ಅದು ಸಾವಿರ ವರ್ಷ ದಾಟಿ ಒಬ್ಬ ಹುಡುಗನ ಕೊರಳಿಗೆ ಬಂದದ್ದು ಹೇಗೆ ಎಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ತೀರ್ಪು ಕೊಡುವ ಮೊದಲು ಓದೋಣ ಎಂದುಕೊಂಡೆವು. ಓದುತ್ತಾ ಹೋದಂತೆ ಆ ಕಥೆಯ ದಾರಿ ಮತ್ತೆ ಮತ್ತೆ ನಮ್ಮ ಧರ್ಮಸಭೆಯ ಬಾಗಿಲಿಗೇ ಬಂದು ನಿಂತಿತು. ಅದನ್ನೇ ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಈ ಹಾಡು ಎಲ್ಲಿಯದು?

ನಮ್ಮ ತಮ್ಮ ಕೇಳುತ್ತಿದ್ದ ತಂಡದ ಹೆಸರು ಅಮೊನ್ ಅಮಾರ್ಥ್. ಸ್ವೀಡನ್ನಿನ ರಾಜಧಾನಿ ಸ್ಟಾಕ್‌ಹೋಮಿಗೆ ಹತ್ತಿರದ ಟುಂಬಾ ಎಂಬ ಊರಿನ ಹುಡುಗರು 1992ರಲ್ಲಿ ಈ ಹೆಸರಿನಲ್ಲಿ ತಂಡ ಕಟ್ಟಿದರು. ಮೊದಲ ಪೂರ್ಣ ಆಲ್ಬಮ್ ಬಂದದ್ದು 1998ರಲ್ಲಿ. 2008ರ 'ಟ್ವಿಲೈಟ್ ಆಫ್ ದಿ ಥಂಡರ್ ಗಾಡ್' ಅವರ ಹೆಸರುವಾಸಿ ಆಲ್ಬಮ್‌ಗಳಲ್ಲೊಂದು. ಗುಡುಗಿನ ದೇವರಾದ ಥಾರ್ ಮಹಾಸರ್ಪದೊಡನೆ ನಡೆಸುವ ಕೊನೆಯ ಕಾಳಗ ಅದರ ಮೊದಲ ಹಾಡಿನ ವಸ್ತು. ಹಾಡುವವರು ಯೂಹಾನ್ ಹೆಗ್, ಉದ್ದ ಗಡ್ಡದ ಭಾರೀ ಆಳು. ಸೊಂಟಕ್ಕೆ ಕುಡಿಯುವ ಕೊಂಬನ್ನು ಕಟ್ಟಿಕೊಂಡೇ ವೇದಿಕೆಗೆ ಬರುತ್ತಾರೆ.

ಡೆತ್ ಮೆಟಲ್ ಎಂಬ ಸಂಗೀತ ಅದಕ್ಕೂ ಕೆಲವು ವರ್ಷ ಮೊದಲು ಅಮೆರಿಕದಲ್ಲಿ ಹುಟ್ಟಿತ್ತು. ಕ್ಯಾಲಿಫೋರ್ನಿಯಾದ ಪೊಸೆಸ್ಡ್ ಎಂಬ ಎಳೆಯ ಹುಡುಗರ ತಂಡ 1985ರಲ್ಲಿ ತನ್ನ ಮೊದಲ ಆಲ್ಬಮ್ ತಂದಿತು. ಅದರ ಕೊನೆಯ ಹಾಡಿನ ಹೆಸರು 'ಡೆತ್ ಮೆಟಲ್'. ಆಲ್ಬಮ್ಮಿನ ಹೆಸರೋ 'ಸೆವೆನ್ ಚರ್ಚಸ್', ಏಳು ಸಭೆಗಳು! ಬೈಬಲಿನ ಕೊನೆಯ ಗ್ರಂಥವಾದ ಪ್ರಕಟಣೆಯನ್ನು ಓದಿದವರಿಗೆ ಆ ಏಳು ಸಭೆಗಳು ಪರಿಚಿತವೇ. ಅಂದರೆ ಚರ್ಚಿನ ಮೇಲೆ ಮುನಿದು ಹಾಡಿದವರ ಬಾಯಲ್ಲೂ ಮೊದಲು ಬಂದದ್ದು ಬೈಬಲಿನ ಮಾತೇ.

1990ರ ಹೊತ್ತಿಗೆ ಸ್ಟಾಕ್‌ಹೋಮಿನ ಸನ್‌ಲೈಟ್ ಎಂಬ ಸ್ಟುಡಿಯೋದಲ್ಲಿ ಎಂಟೂಮ್ಡ್ ಮೊದಲಾದ ತಂಡಗಳು ಈ ಸಂಗೀತಕ್ಕೆ ತಮ್ಮದೇ ಒಂದು ಸದ್ದು ಕೊಟ್ಟವು. ಗಿಟಾರಿನ ತಂತಿಗಳ ಶ್ರುತಿಯನ್ನು ತುಂಬಾ ಇಳಿಸಿ, ಸದ್ದನ್ನು ಒರಟು ಮಾಡುವ ಪೆಡಲಿನ ಗುಬ್ಬಿಗಳನ್ನೆಲ್ಲ ಕೊನೆಯವರೆಗೆ ತಿರುಗಿಸಿಬಿಡುವುದು ಅವರ ಉಪಾಯ. ಮರ ಕೊಯ್ಯುವ ಯಂತ್ರ ಹತ್ತಿರದಲ್ಲೇ ಓಡಿದ ಹಾಗೆ ಕೇಳಿಸುತ್ತದೆ. ಹಾಡುವವರ ದನಿ ಗಂಟಲಿನ ಆಳದಿಂದ ಬರುವ ಗುಡುಗು. ಮೊದಲ ಸಲ ಕೇಳಿದಾಗ ನಮಗೆ ಒಂದು ಪದವೂ ತಿಳಿಯಲಿಲ್ಲ. ಮೂರನೆಯ ಸಲಕ್ಕೆ ಗೊತ್ತಾಯಿತು, ಈ ಸಂಗೀತದಲ್ಲಿ ರಾಗವನ್ನು ಹೊರುವುದು ಗಿಟಾರು. ದನಿ ಇಲ್ಲಿ ನಗಾರಿಯ ಕೆಲಸ ಮಾಡುತ್ತದೆ. ಅಮೊನ್ ಅಮಾರ್ಥ್ ತಂಡದ ಹಾಡುಗಳಲ್ಲಿ ಗಿಟಾರಿನ ಆ ರಾಗ ಸ್ಪಷ್ಟವಾಗಿಯೇ ಇರುತ್ತದೆ, ಎಷ್ಟೋ ಕಡೆ ದಂಡು ನಡೆಯುವ ಹದದಲ್ಲಿ ಸಾಗುತ್ತದೆ. ಸಭಿಕರು ನೆಲದ ಮೇಲೆ ಸಾಲಾಗಿ ಕೂತು ದೋಣಿಗೆ ಹುಟ್ಟು ಹಾಕುವಂತೆ ಒಟ್ಟಿಗೆ ಬಾಗುವುದನ್ನು ಅವರ ಕಚೇರಿಗಳ ವಿಡಿಯೋಗಳಲ್ಲಿ ನೋಡಬಹುದು. ಒಬ್ಬರಿಗೊಬ್ಬರು ಪರಿಚಯವಿಲ್ಲದ ನೂರಾರು ಜನ ಒಂದೇ ಹಡಗಿನವರಾಗಿಬಿಡುತ್ತಾರೆ.

ಸಾವು, ಹೆಣ, ಪಿಶಾಚಿ ಎಂದು ಹಾಡುತ್ತಿದ್ದ ಈ ಲೋಕಕ್ಕೆ ವೈಕಿಂಗರು ಬಂದದ್ದು ಹೇಗೆ? ಇದಕ್ಕೆ ದಾರಿ ಮಾಡಿದವರಲ್ಲಿ ಮುಖ್ಯನಾದವನು ಸ್ಟಾಕ್‌ಹೋಮಿನ ಬ್ಯಾಥೊರಿ ತಂಡದ ಕ್ವೊರ್ಥನ್. ಮೊದಮೊದಲು ಅವನೂ ಸೈತಾನನ ಹೆಸರು ಹಿಡಿದು ಹಾಡುತ್ತಿದ್ದವನೇ. ಆಮೇಲೆ ಅವನಿಗೆ ಒಂದು ವಿಷಯ ಹೊಳೆಯಿತು: ಸೈತಾನನೂ ಕ್ರೈಸ್ತರ ಪುಸ್ತಕದವನೇ, ಅವನನ್ನು ಹಾಡಿದರೂ ಚರ್ಚಿನ ಅಂಗಳದಲ್ಲೇ ಇದ್ದಂತಾಯಿತು. ಹಾಗಾಗಿ ಅವನು ತನ್ನ ನಾಡಿಗೆ ಕ್ರೈಸ್ತಧರ್ಮ ಬರುವುದಕ್ಕಿಂತ ಹಿಂದಿನ ಕಾಲಕ್ಕೆ ತಿರುಗಿದ. 1988ರ ಮತ್ತು 1990ರ ಅವನ ಆಲ್ಬಮ್‌ಗಳಲ್ಲಿ ಹಡಗು, ಸಮುದ್ರ, ಓಡಿನ್ ಬಂದರು. 1990ರ 'ಹ್ಯಾಮರ್‌ಹಾರ್ಟ್' ಆಲ್ಬಮ್ಮಿನ ಮುಖಪುಟದಲ್ಲಿರುವುದು ಇಂಗ್ಲಿಷ್ ಕಲಾವಿದ ಫ್ರಾಂಕ್ ಡಿಕ್ಸಿ 1893ರಲ್ಲಿ ಬರೆದ, ವೈಕಿಂಗನೊಬ್ಬನ ಶವಸಂಸ್ಕಾರದ ಚಿತ್ರ. ಅದೇ ಹೊತ್ತಿನಲ್ಲಿ ಅನ್‌ಲೀಶ್ಡ್ ಎಂಬ ತಂಡ ಡೆತ್ ಮೆಟಲ್ಲಿಗೆ ವೈಕಿಂಗರ ವಸ್ತುವನ್ನು ತಂದಿತು. ಅಮೊನ್ ಅಮಾರ್ಥ್ ಬಂದದ್ದು ಈ ಹಾದಿಯಲ್ಲೇ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಚಿತ್ರಗಳಲ್ಲಿ ವೈಕಿಂಗರ ತಲೆಯ ಮೇಲೆ ಕಾಣುವ ಕೊಂಬಿನ ಶಿರಸ್ತ್ರಾಣ ವೈಕಿಂಗರದಲ್ಲ. ಜರ್ಮನಿಯ ಸಂಗೀತಗಾರ ವಾಗ್ನರನ ಸಂಗೀತ ನಾಟಕ 1876ರಲ್ಲಿ ರಂಗಕ್ಕೆ ಬಂದಾಗ ವೇಷಭೂಷಣ ಮಾಡಿದ ಡೋಪ್ಲರ್ ಎಂಬವರ ಕಲ್ಪನೆಯಿಂದ ಅದು ಜನಪ್ರಿಯವಾಯಿತು. ನಾರ್ವೆಯ ಯೆರ್ಮುಂಡ್‌ಬು ಎಂಬಲ್ಲಿ 1943ರಲ್ಲಿ ಸಿಕ್ಕಿದ ನಿಜವಾದ ವೈಕಿಂಗ್ ಶಿರಸ್ತ್ರಾಣಕ್ಕೆ ಕೊಂಬುಗಳಿಲ್ಲ. ವೇದಿಕೆಯ ಮೇಲೆ ಕಾಣುವುದನ್ನೆಲ್ಲ ಚರಿತ್ರೆ ಎಂದುಕೊಳ್ಳಬಾರದು.

ಕಥೆಗಳನ್ನು ಉಳಿಸಿದವರು ಯಾರು?

ವೈಕಿಂಗರಿಗೆ ರೂನ್ ಎಂಬ ಲಿಪಿ ಇತ್ತು. ಆದರೆ ಅದರಲ್ಲಿ ಕಲ್ಲಿನ ಮೇಲೆ, ಮರದ ಮೇಲೆ ಕೆತ್ತಿದ್ದು ಚಿಕ್ಕ ಚಿಕ್ಕ ಬರಹಗಳನ್ನು. ದೊಡ್ಡ ಕಥೆಗಳೆಲ್ಲ ಬಾಯಿಂದ ಬಾಯಿಗೆ ಬಂದವು. ತೊಗಲಿನ ಹಾಳೆ, ಶಾಯಿ, ಲ್ಯಾಟಿನ್ ಅಕ್ಷರ, ಪುಸ್ತಕ ಬರೆಯುವ ಅಭ್ಯಾಸ ಇವೆಲ್ಲ ಆ ನಾಡಿಗೆ ಬಂದದ್ದು ಕ್ರೈಸ್ತ ಗುರುಗಳ ಜೊತೆಯಲ್ಲಿ.

ಐಸ್‌ಲ್ಯಾಂಡ್ ಕ್ರೈಸ್ತಧರ್ಮಕ್ಕೆ ಬಂದ ಬಗೆ ಓದಲು ಸೊಗಸಾಗಿದೆ. ಕ್ರಿ.ಶ. 1000ದ ಸುಮಾರಿಗೆ ಆ ನಾಡಿನ ಮಹಾಸಭೆಯಲ್ಲಿ ಕ್ರೈಸ್ತರೂ ಹಳೆಯ ದೇವರುಗಳ ಭಕ್ತರೂ ಎರಡು ಪಕ್ಷವಾಗಿ, ಕೈಕೈ ಮಿಲಾಯಿಸುವ ಹಂತಕ್ಕೆ ಬಂದರು. ತೀರ್ಮಾನವನ್ನು ನ್ಯಾಯ ಹೇಳುವ ಥೋರ್ಗೇರ್ ಎಂಬವನಿಗೆ ಬಿಟ್ಟರು. ಅವನು ಹಳೆಯ ದೇವರುಗಳ ಪಕ್ಷದವನು. ಒಂದು ಹಗಲು ಒಂದು ರಾತ್ರಿ ಕಂಬಳಿ ಹೊದ್ದು ಮಾತಿಲ್ಲದೆ ಮಲಗಿದ. ಮರುದಿನ ಎದ್ದು, ನಾಡಿಗೆ ಒಂದೇ ಕಾನೂನು ಇರಬೇಕು, ಕಾನೂನು ಒಡೆದರೆ ಶಾಂತಿಯೂ ಒಡೆಯುತ್ತದೆ, ಎಲ್ಲರೂ ದೀಕ್ಷಾಸ್ನಾನ ಪಡೆಯಲಿ ಎಂದ. ಹಳೆಯ ದೇವರಿಗೆ ಮನೆಯೊಳಗೆ ಗುಟ್ಟಾಗಿ ಬಲಿ ಕೊಡುವುದನ್ನು ಕೆಲವು ಕಾಲ ಕಾನೂನು ಸಹಿಸಿಕೊಂಡಿತು. ಈ ಪ್ರಸಂಗವನ್ನು ನಮಗಾಗಿ ಬರೆದಿಟ್ಟವನು ಅರಿ ಥೋರ್ಗಿಲ್ಸನ್. ಅವನು ಒಬ್ಬ ಗುರು.

ಎರಡು ಶತಮಾನ ಕಳೆಯಿತು. ಸ್ನೋರಿ ಸ್ಟರ್ಲೂಸನ್ ಎಂಬ ಐಸ್‌ಲ್ಯಾಂಡಿನ ನಾಯಕ, ಕವಿ, 1220ರ ಸುಮಾರಿಗೆ 'ಎಡ್ಡಾ' ಎಂಬ ಗ್ರಂಥ ಬರೆದ. ಅವನಿಗಿದ್ದ ಚಿಂತೆ ತೀರಾ ಸರಳವಾದದ್ದು: ಎಳೆಯ ಕವಿಗಳಿಗೆ ಹಳೆಯ ಪದ್ಯಗಳು ಅರ್ಥವಾಗುತ್ತಿಲ್ಲ. ಹಳಬರು ಬಂಗಾರಕ್ಕೆ 'ಸಿಫ್‌ಳ ಕೂದಲು' ಎನ್ನುತ್ತಿದ್ದರು. ಥಾರನ ಹೆಂಡತಿ ಸಿಫ್‌ಳ ಕೂದಲನ್ನು ಲೋಕಿ ಎಂಬ ತುಂಟ ದೇವರು ಕತ್ತರಿಸಿದ್ದು, ಆಮೇಲೆ ಕುಬ್ಜರಿಂದ ಬಂಗಾರದ ಕೂದಲು ಮಾಡಿಸಿ ತಂದದ್ದು ಗೊತ್ತಿಲ್ಲದಿದ್ದರೆ ಆ ಮಾತು ಒಗಟು. ಹಾಗಾಗಿ ಸ್ನೋರಿ ಕಥೆಗಳನ್ನೆಲ್ಲ ಕೂಡಿಸಿ, ವಿವರಿಸಿ ಬರೆದಿಟ್ಟ.

ಅವನ ಗ್ರಂಥದ ಪೀಠಿಕೆ ಶುರುವಾಗುವುದು ದೇವರು ಭೂಮಿ ಆಕಾಶಗಳನ್ನೂ ಆದಾಮ ಹವ್ವರನ್ನೂ ಸೃಷ್ಟಿಸಿದ ಮಾತಿನಿಂದ. ನಡುವೆ ಎಳೆಯರಿಗೆ ಒಂದು ಎಚ್ಚರಿಕೆಯೂ ಇದೆ. ಕ್ರೈಸ್ತರಾದವರು ಈ ಹಳೆಯ ದೇವರುಗಳನ್ನು ನಂಬಬಾರದು ಎನ್ನುತ್ತಾನೆ. ಅಷ್ಟೇ ಗಟ್ಟಿಯಾಗಿ, ಈ ಕಥೆಗಳನ್ನು ಮರೆತು ಹಳೆಯ ಕಾವ್ಯವನ್ನು ಬಡವಾಗಿಸಲೂ ಬಾರದು ಎನ್ನುತ್ತಾನೆ. ನಂಬುವುದು ಬೇರೆ, ಉಳಿಸಿಕೊಳ್ಳುವುದು ಬೇರೆ. ನಮ್ಮ ಗಾನವೃಂದದಲ್ಲಿ ಎದ್ದ ಜಗಳಕ್ಕೆ ಎಂಟು ನೂರು ವರ್ಷ ಹಿಂದೆಯೇ ಒಬ್ಬರು ಉತ್ತರ ಬರೆದಿದ್ದರು! ಅದೇ ಸ್ನೋರಿ 1241ರಲ್ಲಿ ರಾಜಕೀಯದ ಹಗೆಯಿಂದ ತನ್ನ ಮನೆಯಲ್ಲೇ ಕೊಲೆಯಾದ.

ಇನ್ನೊಂದು ಪುಸ್ತಕವಿದೆ. 1270ರ ಸುಮಾರಿಗೆ ಐಸ್‌ಲ್ಯಾಂಡಿನಲ್ಲಿ ಹೆಸರು ತಿಳಿಸದ ಯಾರೋ ಒಬ್ಬರು ಹಳೆಯ ದೇವರುಗಳ, ವೀರರ ಪದ್ಯಗಳನ್ನು ತೊಗಲಿನ ಹಾಳೆಗಳ ಮೇಲೆ ನಕಲು ಮಾಡಿದರು. ಅದರಲ್ಲಿ ಇಂದು ಉಳಿದಿರುವುದು 45 ಹಾಳೆ. ನಡುವಿನ 8 ಕಳೆದುಹೋಗಿವೆ. ಆ ಪುಸ್ತಕ 1643ರಲ್ಲಿ ಕೈಗೆ ಬಂದಾಗ ಅದರ ಬೆಲೆ ಗುರುತಿಸಿದವರು ಸ್ಕಾಲ್‌ಹೋಲ್ಟಿನ ಬಿಷಪ್ ಬ್ರಿನ್ಯೋಲ್ಫುರ್ ಸ್ವೇನ್ಸನ್. ಅವರು ಬೆಂಕಿಗೆ ಹಾಕಲಿಲ್ಲ. 1662ರಲ್ಲಿ ಡೆನ್ಮಾರ್ಕಿನ ದೊರೆಗೆ ಕಳಿಸಿಕೊಟ್ಟರು. 1971ರ ಏಪ್ರಿಲ್ 21ರಂದು ಡೆನ್ಮಾರ್ಕ್ ಅದನ್ನು ನೌಕಾಪಡೆಯ ಹಡಗಿನಲ್ಲಿ ಐಸ್‌ಲ್ಯಾಂಡಿಗೆ ಹಿಂದಿರುಗಿಸಿದಾಗ ರೇಕ್ಯಾವಿಕ್ ಬಂದರಿನಲ್ಲಿ ಊರಿಗೆ ಊರೇ ನೆರೆದಿತ್ತು.

ಓಡಿನ್, ಥಾರ್, ಲೋಕಿ ಇವರ ಬಗ್ಗೆ ಇಂದು ಹಾಡುವವರು, ಸಿನಿಮಾ ತೆಗೆಯುವವರು ಹೆಚ್ಚಾಗಿ ಆಧರಿಸಿರುವುದು ಈ ಎರಡು ಪುಸ್ತಕಗಳನ್ನೇ. ಎರಡೂ ಕ್ರೈಸ್ತ ನಾಡಿನಲ್ಲಿ ಬರೆದವು, ಕ್ರೈಸ್ತರು ಜೋಪಾನ ಮಾಡಿದವು. ಚರ್ಚಿನ ಅಂಗಳ ದಾಟಬೇಕೆಂದು ಕ್ವೊರ್ಥನ್ ಹಿಂದಕ್ಕೆ ನಡೆದ. ಅಲ್ಲಿ ಅವನಿಗೆ ಕಥೆ ಎತ್ತಿಕೊಟ್ಟ ಕೈಗಳೂ ದೀಕ್ಷಾಸ್ನಾನ ಪಡೆದವರ ಕೈಗಳೇ.

ಒಂದೇ ಅಚ್ಚು

ಈಗ ನಮ್ಮ ತಮ್ಮನ ಸರಕ್ಕೆ ಬರೋಣ. ಡೆನ್ಮಾರ್ಕಿನ ಟ್ರೆಂಡ್‌ಗಾರ್ಡನ್ ಎಂಬಲ್ಲಿ ಬಳಪದ ಕಲ್ಲಿನ ಒಂದು ಅಚ್ಚು ಸಿಕ್ಕಿದೆ. ಈಗ ಕೋಪನ್‌ಹೇಗನ್ನಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಹತ್ತನೆಯ ಶತಮಾನದ್ದು. ಕರಗಿದ ಬೆಳ್ಳಿ ಹೊಯ್ಯಲು ಅದರಲ್ಲಿ ಗುಳಿಗಳನ್ನು ಕೊರೆದಿದ್ದಾರೆ. ಒಂದೇ ಕಲ್ಲಿನಲ್ಲಿ ಶಿಲುಬೆಯ ಗುಳಿಯೂ ಇದೆ, ಥಾರನ ಸುತ್ತಿಗೆಯ ಗುಳಿಯೂ ಇದೆ! ಆ ಅಕ್ಕಸಾಲಿಯ ಅಂಗಡಿಗೆ ಎರಡೂ ಕಡೆಯವರು ಬರುತ್ತಿದ್ದರು. ಒಂದೇ ಮನೆಯಲ್ಲಿ ಅಮ್ಮ ಶಿಲುಬೆ, ಮಗ ಸುತ್ತಿಗೆ ಹಾಕಿಕೊಂಡಿದ್ದರೂ ಇದ್ದಾರು.

ಅದೇ ಶತಮಾನದಲ್ಲಿ ಡೆನ್ಮಾರ್ಕನ್ನು ಆಳಿದ ಹರಾಲ್ಡ್ ಬ್ಲೂಟೂತ್ ಎಂಬ ದೊರೆ ಯೆಲ್ಲಿಂಗ್ ಎಂಬ ಊರಿನಲ್ಲಿ ಒಂದು ದೊಡ್ಡ ಕಲ್ಲು ನಿಲ್ಲಿಸಿ, ಡೇನರನ್ನು ಕ್ರೈಸ್ತರನ್ನಾಗಿ ಮಾಡಿದವನು ತಾನೇ ಎಂದು ರೂನ್ ಲಿಪಿಯಲ್ಲಿ ಕೆತ್ತಿಸಿದ. ಒಂದು ಮಗ್ಗುಲಲ್ಲಿ ಕ್ರಿಸ್ತನ ಆಕೃತಿ ಇದೆ. ನಾವು ಕಿವಿಗೆ ಸಿಕ್ಕಿಸಿಕೊಳ್ಳುವ ಬ್ಲೂಟೂತ್ ಹೆಡ್‌ಫೋನಿನ ಹೆಸರು ಅವನದೇ. ಅದರ ಗುರುತು ಅವನ ಹೆಸರಿನ ಎರಡು ರೂನ್ ಅಕ್ಷರಗಳನ್ನು ಕೂಡಿಸಿದ್ದು. ಓಡಿನ್ನನ ಹಾಡು ನಮ್ಮ ಕಿವಿಗೆ ಬರುತ್ತಿರುವುದು ಒಬ್ಬ ಕ್ರೈಸ್ತ ದೊರೆಯ ಹೆಸರಿನಲ್ಲಿ!

ಇಂಗ್ಲೆಂಡಿನ ಗಾಸ್‌ಫೋರ್ತ್ ಎಂಬ ಹಳ್ಳಿಯ ಚರ್ಚಿನ ಅಂಗಳದಲ್ಲಿ ಹತ್ತನೆಯ ಶತಮಾನದ ಎತ್ತರದ ಕಲ್ಲುಶಿಲುಬೆ ಇಂದಿಗೂ ನಿಂತಿದೆ. ಅಲ್ಲಿ ನೆಲೆಸಿದ ವೈಕಿಂಗರ ಕಾಲದ್ದು. ಒಂದು ಕಡೆ ಯೇಸುಸ್ವಾಮಿಯ ಶಿಲುಬೆಮರಣ. ಬೇರೆ ಕಡೆ ಕಟ್ಟಿಹಾಕಿದ ಲೋಕಿ, ಅವನ ಮುಖದ ಮೇಲೆ ವಿಷ ಬೀಳದಂತೆ ಬಟ್ಟಲು ಹಿಡಿದ ಅವನ ಹೆಂಡತಿ ಸಿಗಿನ್, ತೋಳದ ಬಾಯಿ ಸೀಳುವ ವೀದಾರ್. ಹಳೆಯ ದೇವರುಗಳ ಕಾಲ ಮುಗಿಯಿತು, ಹೊಸಬನು ಬಂದ ಎಂದು ಹೇಳಲು ಆ ಜನ ತಮಗೆ ಗೊತ್ತಿದ್ದ ಕಥೆಯನ್ನೇ ಬಳಸಿಕೊಂಡರು.

ನಾರ್ವೆಯಲ್ಲಿ ವೈಕಿಂಗರ ಮೊಮ್ಮಕ್ಕಳು ಹಡಗು ಕಟ್ಟಿದ ಕೈಗಳಿಂದಲೇ ಮರದ ಚರ್ಚುಗಳನ್ನು ಕಟ್ಟಿದರು. ಕೆಲವದರ ಸೂರಿನ ತುದಿಯಲ್ಲಿ ಹಡಗಿನ ಮೂತಿಯಂತೆ ಡ್ರ್ಯಾಗನ್ ತಲೆಗಳು. ಹೀಲೆಸ್ಟಾಡ್ ಎಂಬ ಊರಿನ ಚರ್ಚಿನ ಬಾಗಿಲ ಚೌಕಟ್ಟಿನಲ್ಲಿ ಸಿಗುರ್ಡ್ ಎಂಬ ಹಳೆಯ ವೀರ ಡ್ರ್ಯಾಗನ್ನನ್ನು ಕೊಲ್ಲುವ ಕಥೆಯನ್ನೇ ಕೆತ್ತಿದ್ದರು. ಜನ ಆ ಬಾಗಿಲು ದಾಟಿಯೇ ಬಲಿಪೂಜೆಗೆ ಹೋಗುತ್ತಿದ್ದರು.

ತಪ್ಪು ನಮ್ಮ ಕಡೆಯೂ ಇದೆ

ಇಷ್ಟು ಹೇಳಿ ನಿಲ್ಲಿಸಿದರೆ ಅದು ಅರ್ಧ ಸತ್ಯ. ಈ ಹಾಡುಗಳಲ್ಲಿ ಚರ್ಚಿನ ಮೇಲೆ ಸಿಟ್ಟಿರುವುದೂ ನಿಜ, ಆ ಸಿಟ್ಟಿಗೆ ಕಾರಣ ಇರುವುದೂ ನಿಜ. 782ರಲ್ಲಿ ಕ್ರೈಸ್ತ ದೊರೆ ಶಾರ್ಲಮೇನ್ ವೆರ್ಡೆನ್ ಎಂಬಲ್ಲಿ ದಂಗೆ ಎದ್ದ ಸ್ಯಾಕ್ಸನ್ನರಲ್ಲಿ 4500 ಮಂದಿಯ ತಲೆ ತೆಗೆಸಿದನೆಂದು ಅವನ ಕಡೆಯ ದಾಖಲೆಯೇ ಹೇಳುತ್ತದೆ. ನಾರ್ವೆಯ ದೊರೆ ಓಲಾಫ್ ಟ್ರಿಗ್ವಾಸನ್ ಕತ್ತಿಯ ಬೆದರಿಕೆಯಿಂದ ದೀಕ್ಷಾಸ್ನಾನ ಕೊಡಿಸಿದ್ದನ್ನು ಬರೆದಿಟ್ಟವರೂ ಐಸ್‌ಲ್ಯಾಂಡಿನ ಕ್ರೈಸ್ತರೇ. ಅವರು ಮುಚ್ಚಿಡಲಿಲ್ಲ. ನಾವೂ ಮುಚ್ಚಿಡಬೇಕಾಗಿಲ್ಲ.

ಹಳೆಯ ಹಾಡುಗಳ ವಿಷಯದಲ್ಲೂ ಧರ್ಮಸಭೆಯೊಳಗೆ ಎರಡು ಮನಸ್ಸಿತ್ತು. 601ರಲ್ಲಿ ಪೋಪ್ ಮಹಾಗ್ರೆಗೊರಿಯವರು ಇಂಗ್ಲೆಂಡಿನ ಧರ್ಮಪ್ರಚಾರಕರಿಗೆ ಪತ್ರ ಬರೆದು, ಅಲ್ಲಿಯ ಜನರ ಗುಡಿಗಳನ್ನು ಕೆಡವಬೇಡಿ, ವಿಗ್ರಹಗಳನ್ನು ಮಾತ್ರ ತೆಗೆದು ತೀರ್ಥ ಚಿಮುಕಿಸಿ, ಜನ ತಮಗೆ ಪರಿಚಯವಿದ್ದ ಜಾಗಕ್ಕೇ ಬರಲಿ ಎಂದರು. ಸುಮಾರು ಇನ್ನೂರು ವರ್ಷದ ಮೇಲೆ, 797ರಲ್ಲಿ, ಆಲ್ಕ್ವಿನ್ ಎಂಬ ವಿದ್ವಾಂಸ ಒಬ್ಬ ಬಿಷಪರಿಗೆ ಬರೆದ ಪತ್ರದಲ್ಲಿ ಗದರಿಸುತ್ತಾನೆ: ಊಟದ ಹೊತ್ತಿನಲ್ಲಿ ದೇವರ ವಾಕ್ಯ ಓದಬೇಕೇ ಹೊರತು ಹಳೆಯ ವೀರರ ಹಾಡು ಕೇಳಬಾರದು, ಆ ವೀರರಿಗೂ ಕ್ರಿಸ್ತನಿಗೂ ಏನು ಸಂಬಂಧ? ನಮ್ಮ ಹಿರಿಯರು ಕೇಳಿದ್ದೂ ಇದೇ ಪ್ರಶ್ನೆ. ಆಲ್ಕ್ವಿನ್‌ನನ್ನು ಸುಮ್ಮನೆ ಹಳಿಯಲಾಗದು. 793ರಲ್ಲಿ ವೈಕಿಂಗರು ಲಿಂಡಿಸ್‌ಫಾರ್ನ್ ದ್ವೀಪದ ಮಠಕ್ಕೆ ನುಗ್ಗಿ ಸನ್ಯಾಸಿಗಳನ್ನು ಕೊಂದು ದೋಚಿದ ಸುದ್ದಿಗೆ ನೊಂದು ಪತ್ರ ಬರೆದವನೂ ಅವನೇ. ಸ್ಯಾಕ್ಸನ್ನರ ಮೇಲೆ ದೀಕ್ಷಾಸ್ನಾನವನ್ನು ಬಲವಂತದಿಂದ ಹೇರಬಾರದು, ವಿಶ್ವಾಸ ಮನಸ್ಸಿನಿಂದ ಬರಬೇಕು ಎಂದು ವಾದಿಸಿದವನೂ ಅವನೇ. ಅವನ ಅಂಜಿಕೆಗೆ ಕಾರಣವಿತ್ತು.

ನಮ್ಮ ಕಾಲದಲ್ಲೂ ಅಂಜಿಕೆಗೆ ಕಾರಣವಿದೆ. 1992ರ ಜೂನ್ 6ರಂದು ನಾರ್ವೆಯ ಬರ್ಗೆನ್ ನಗರದ ಹತ್ತಿರ ಫಾಂಟೊಫ್ಟ್ ಎಂಬ ಮರದ ಚರ್ಚು ಸುಟ್ಟು ಬೂದಿಯಾಯಿತು. 1150ರ ಸುಮಾರಿಗೆ ಕಟ್ಟಿದ್ದು. ಮುಂದಿನ ವರ್ಷಗಳಲ್ಲಿ ಆ ದೇಶದಲ್ಲಿ ಇನ್ನೂ ಹಲವು ಚರ್ಚುಗಳಿಗೆ ಬೆಂಕಿ ಬಿತ್ತು. ಬ್ಲ್ಯಾಕ್ ಮೆಟಲ್ ಎಂಬ ಇನ್ನೊಂದು ಬಗೆಯ ಸಂಗೀತದ ಗುಂಪಿನವರು ಇದರ ಹಿಂದಿದ್ದರು. ಅವರಲ್ಲೊಬ್ಬನಿಗೆ 1994ರಲ್ಲಿ ಕೊಲೆ ಮತ್ತು ಚರ್ಚುಗಳಿಗೆ ಬೆಂಕಿ ಇಟ್ಟ ಅಪರಾಧಗಳಿಗಾಗಿ 21 ವರ್ಷದ ಶಿಕ್ಷೆಯಾಯಿತು. ಆ ಗುಂಪು ಬೇರೆ, ಅಮೊನ್ ಅಮಾರ್ಥ್ ತಂಡ ಬೇರೆ. ಆದರೆ ಹೊರಗಿನವರಿಗೆ ಕೇಳುವ ಸದ್ದು ಒಂದೇ. ಹಾಗಾಗಿ ನಮ್ಮ ಹಿರಿಯರ ಮುಖದ ನಗು ಹೋದದ್ದು ಸುಮ್ಮನೆ ಅಲ್ಲ.

ವೈಕಿಂಗ್ ಪೂರ್ವಜರ ಹೆಸರು ಹೇಳುತ್ತಾ ಚರ್ಚುಗಳಿಗೆ ಬೆಂಕಿ ಇಟ್ಟವರಿದ್ದರು. ಫಾಂಟೊಫ್ಟಿನಲ್ಲಿ ಉರಿದುಹೋದದ್ದು ಆ ಪೂರ್ವಜರ ಮೊಮ್ಮಕ್ಕಳ ಮರಗೆಲಸವೇ. ಒಂದು ಕಾಲಕ್ಕೆ ನಾರ್ವೆಯಲ್ಲಿ ಅಂಥ ನೂರಾರು ಚರ್ಚುಗಳಿದ್ದವು, ಇಂದು ಉಳಿದಿರುವುದು 28. ಉಳಿದವನ್ನೆಲ್ಲ ಯಾರು ಹಾಳು ಮಾಡಿದರು? ಬೆಂಕಿ ಇಟ್ಟವರಲ್ಲ. ಎಷ್ಟೋ ಚರ್ಚುಗಳನ್ನು ಹಳತಾಯಿತು, ಚಿಕ್ಕದಾಯಿತು ಎಂದು ಆಯಾ ಊರಿನ ಕ್ರೈಸ್ತರೇ ಕೆಡವಿ ಹೊಸದು ಕಟ್ಟಿಕೊಂಡರು. ಫಾಂಟೊಫ್ಟಿನದೂ ಹಾಗೆಯೇ ಹೋಗಬೇಕಿತ್ತು. ಅದು ಮೊದಲು ಫೋರ್ಟುನ್ ಎಂಬ ಊರಿನಲ್ಲಿತ್ತು. ಗಾಡೆ ಎಂಬ ಶ್ರೀಮಂತರು ಕೊಂಡು, 1883ರಲ್ಲಿ ಬಿಚ್ಚಿ ತಂದು ಮತ್ತೆ ಜೋಡಿಸಿದ್ದರಿಂದ ಉಳಿದಿತ್ತು. ಬೆಂಕಿಯ ನಂತರ ಮೊದಲಿನಂತೆಯೇ ಕಟ್ಟಿ 1997ರಲ್ಲಿ ಮುಗಿಸಿದರು. ಬೆಂಕಿಯಿಂದಾದರೂ ನಾಶವೇ, ಮರೆವಿನಿಂದಾದರೂ ನಾಶವೇ.

ಇದರ ಶಕ್ತಿ ಎಲ್ಲಿದೆ?

ಹಾಗಾದರೆ ಈ ಹಾಡುಗಳು ನಮ್ಮ ವಯಸ್ಸಿನವರನ್ನು ಇಷ್ಟು ಹಿಡಿಯುವುದು ಯಾಕೆ? ಬರೀ ಸದ್ದಿಗಲ್ಲ. ಆ ಕಥೆಯ ತಿರುಳಿಗೆ.

ಬೇರೆ ಪುರಾಣಗಳಲ್ಲಿ ದೇವರುಗಳು ಕೊನೆಗೆ ಗೆಲ್ಲುತ್ತಾರೆ. ಉತ್ತರದ ಪುರಾಣದಲ್ಲಿ ಸೋಲುತ್ತಾರೆ, ಸೋಲುತ್ತೇವೆಂದು ಅವರಿಗೆ ಮೊದಲೇ ಗೊತ್ತು. ಆ ಕೊನೆಯ ದಿನದ ಹೆಸರು ರಾಗ್ನರೋಕ್. ಓಡಿನ್ನನನ್ನು ಫೆನ್ರಿರ್ ಎಂಬ ತೋಳ ನುಂಗುತ್ತದೆ. ಥಾರ್ ಮಹಾಸರ್ಪವನ್ನು ಕೊಲ್ಲುತ್ತಾನೆ, ಆದರೆ ಅದರ ವಿಷದಿಂದ ಒಂಬತ್ತು ಹೆಜ್ಜೆ ನಡೆದು ಬಿದ್ದು ಸಾಯುತ್ತಾನೆ. ಸುರ್ಟ್ ಎಂಬ ದೈತ್ಯನ ಬೆಂಕಿ ಲೋಕವನ್ನು ಸುಡುತ್ತದೆ. ಇದೆಲ್ಲ ಗೊತ್ತಿದ್ದೂ ಓಡಿನ್ ಸತ್ತ ವೀರರನ್ನು ತನ್ನ ಸಭಾಂಗಣದಲ್ಲಿ ಕೂಡಿಸಿ ದಿನವೂ ಯುದ್ಧದ ಅಭ್ಯಾಸ ಮಾಡಿಸುತ್ತಾನೆ. ಗೆಲ್ಲುವುದಕ್ಕಾಗಿ ಅಲ್ಲ, ಆ ದಿನ ಬಂದಾಗ ಓಡಿಹೋಗದೆ ನಿಲ್ಲುವುದಕ್ಕಾಗಿ.

ಪರೀಕ್ಷೆಯಲ್ಲಿ ಫೇಲಾದವರಿಗೆ, ಕೆಲಸ ಸಿಗದವರಿಗೆ, ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಳ್ಳುತ್ತಿರುವವರಿಗೆ ಈ ಮಾತು ನೇರವಾಗಿ ತಾಗುತ್ತದೆ. "ಎಲ್ಲಾ ಸರಿಹೋಗುತ್ತೆ" ಎನ್ನುವ ಹಾಡು ಅವರಿಗೆ ಸುಳ್ಳೆನಿಸುತ್ತದೆ. "ಸರಿಹೋಗದೆಯೂ ಇರಬಹುದು, ಆದರೂ ನಿಲ್ಲು" ಎನ್ನುವ ಹಾಡು ನಿಜವೆನಿಸುತ್ತದೆ. ನಮ್ಮ ತಮ್ಮ ಇದನ್ನು ಕೇಳತೊಡಗಿದ್ದು ಅವನ ಅಪ್ಪ ತೀರಿಹೋದ ವರ್ಷ ಎಂದು ನಮಗೆ ಈಗ ತಿಳಿಯಿತು. ಅವನನ್ನು ಮೊದಲೇ ಕೇಳಬೇಕಿತ್ತು.

ಈ ಬಗೆಯ ಧೈರ್ಯವನ್ನು ಕಂಡು ಬೆರಗಾದ ಒಬ್ಬ ಕಥೋಲಿಕರೂ ಇದ್ದರು. 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಬರೆದ ಟೋಲ್ಕಿನ್. ಆಕ್ಸ್‌ಫರ್ಡಿನ ಪ್ರಾಧ್ಯಾಪಕರಾಗಿದ್ದ ಅವರು 1936ರಲ್ಲಿ ಕೊಟ್ಟ ಒಂದು ಹೆಸರಾಂತ ಉಪನ್ಯಾಸದಲ್ಲಿ, ಸೋಲನ್ನು ಕಂಡೂ ಬಗ್ಗದ ಈ ಉತ್ತರದ ಧೈರ್ಯವನ್ನು ಮನಸಾರೆ ಮೆಚ್ಚಿ ಮಾತಾಡಿದರು. ಹಿಟ್ಲರ್ ಅದೇ ಚೈತನ್ಯವನ್ನು ಕೆಡಿಸಿ ಹಾಳುಮಾಡಿದನೆಂದು 1941ರಲ್ಲಿ ಮಗನಿಗೆ ಬರೆದ ಪತ್ರದಲ್ಲಿ ಕಿಡಿಕಾರಿದರು. ರೂನ್ ಗುರುತುಗಳನ್ನು ನಾಜಿಗಳು ತಮ್ಮ ಸಮವಸ್ತ್ರದ ಮೇಲೆ ಹಾಕಿಕೊಂಡಿದ್ದರು. ಇಂದಿಗೂ ಜನಾಂಗ ದ್ವೇಷಿಗಳು ಬಳಸುತ್ತಾರೆ. ಸುತ್ತಿಗೆ ಹಾಕಿಕೊಳ್ಳುವವರು ಇದನ್ನೂ ತಿಳಿದಿರಬೇಕು. ಅಂದಹಾಗೆ 'ಅಮೊನ್ ಅಮಾರ್ಥ್' ಎಂಬುದು ಟೋಲ್ಕಿನ್ ತಮ್ಮ ಕಥೆಯ ಬೆಂಕಿಬೆಟ್ಟಕ್ಕೆ ಇಟ್ಟ ಹೆಸರು. ದಿನದಿನವೂ ಬಲಿಪೂಜೆಗೆ ಹೋಗಲು ಬಯಸುತ್ತಿದ್ದ ಒಬ್ಬ ಕಥೋಲಿಕರು ಕಟ್ಟಿದ ಮಾತನ್ನೇ ಈ ತಂಡದವರು ತಮ್ಮ ಹೆಸರಾಗಿ ಇಟ್ಟುಕೊಂಡಿದ್ದಾರೆ!

ನಮ್ಮ ವಿಶ್ವಾಸ ಆ ಪುರಾಣದಿಂದ ಬೇರೆಯಾಗುವ ಜಾಗವೂ ಇದೆ. ಆ ಧೈರ್ಯದಲ್ಲಿ ಕತ್ತಿ ಹಿಡಿದವನಿಗೆ ಮಾತ್ರ ಮರ್ಯಾದೆ. ಹಾಸಿಗೆಯಲ್ಲಿ ಸತ್ತವನಿಗೆ, ಲಿಂಡಿಸ್‌ಫಾರ್ನಿನಲ್ಲಿ ಬರಿಗೈಯಲ್ಲಿ ಸತ್ತ ಸನ್ಯಾಸಿಗೆ ಓಡಿನ್ನನ ಸಭಾಂಗಣದಲ್ಲಿ ಜಾಗವಿಲ್ಲ. ಯೇಸುಸ್ವಾಮಿಯೂ ತಮ್ಮ ಸಾವನ್ನು ಮೊದಲೇ ಅರಿತು ಜೆರುಸಲೇಮಿಗೆ ನಡೆದರು, ಓಡಿಹೋಗಲಿಲ್ಲ. ಆದರೆ ಪೇತ್ರನಿಗೆ ಕತ್ತಿಯನ್ನು ಒರೆಗೆ ಹಾಕು ಎಂದರು. ಮಲಗಿದಲ್ಲೇ ನಲುಗಿ ಸತ್ತ ಅಪ್ಪನಿಗೂ ಜಾಗವಿರುವ ಮನೆ ಅವರದು. ರಾಗ್ನರೋಕ್ ಕಥೆಯ ಕೊನೆಯಲ್ಲೂ ಒಂದು ಎಳೆ ಬೆಳಕಿದೆ. ಸುಟ್ಟ ಭೂಮಿ ಕಡಲಿನಿಂದ ಹಸಿರಾಗಿ ಮೇಲೇಳುತ್ತದೆ, ಸತ್ತಿದ್ದ ಬಾಲ್ಡರ್ ಮರಳಿ ಬರುತ್ತಾನೆ. ಆ ಸಾಲುಗಳಿಗೆ ಕ್ರೈಸ್ತರ ಗಾಳಿ ಸೋಕಿತ್ತೇ ಎಂದು ವಿದ್ವಾಂಸರು ಇಂದಿಗೂ ಚರ್ಚಿಸುತ್ತಾರೆ.

ಕೊನೆಗೆ ಒಂದು ಮಾತು

ಟ್ರೆಂಡ್‌ಗಾರ್ಡನ್ ಅಚ್ಚಿನ ಚಿತ್ರವನ್ನು ನಾವು ಆ ಹಿರಿಯರಿಗೆ ಫೋನಿನಲ್ಲಿ ತೋರಿಸಿದೆವು. ಕನ್ನಡಕ ಮೇಲಕ್ಕೆತ್ತಿ ತುಂಬಾ ಹೊತ್ತು ನೋಡಿದರು. "ಇದನ್ನ ಮಾಡಿದವನು ಯಾವ ಕಡೆಯವನಪ್ಪಾ?" ಎಂದು ಕೇಳಿದರು. ನಮ್ಮ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಅವರೇ, "ಹುಡುಗನ್ನ ಬರಕ್ಕೆ ಹೇಳಿ, ಸರದ ಮಾತು ನಾನು ಎತ್ತಲ್ಲ" ಎಂದರು. ಅವನಿಗೆ ಹೇಳಿದ್ದೇವೆ. ಅವನು ಎರಡನ್ನೂ ಹಾಕಿಕೊಂಡು ಬರುತ್ತಾನೋ ಒಂದನ್ನೋ, ಅದು ಅವನು ಪ್ರಾರ್ಥನೆಯಲ್ಲಿ ಯೋಚಿಸಿ ತೀರ್ಮಾನಿಸಬೇಕಾದದ್ದು. ಸ್ನೋರಿಯ ಮಾತನ್ನು ಮಾತ್ರ ಅವನಿಗೆ ಓದಿ ಹೇಳಿದೆವು.

ನಮಗೂ ಒಂದು ಕೆಲಸ ಉಳಿದಿದೆ. ಗಡಿಯ ಈಚೆ ಇರುವ ನಮ್ಮ ಮನೆಗಳಲ್ಲಿ ಅಜ್ಜಿಯಂದಿರು ಹಾಡುವ ಸೋಬಾನೆ ಪದ, ಬೀಸುವ ಪದಗಳಿವೆ. ಶಾಲೆಯ ಭಾಷೆ ಬೇರೆ, ಮನೆಯ ಭಾಷೆ ಬೇರೆಯಾಗಿ ಬೆಳೆದ ನಮಗೆ ಅವು ಅರ್ಧಂಬರ್ಧ ಅರ್ಥವಾಗುತ್ತವೆ. ದೂರದ ಸ್ವೀಡನ್ನಿನ ಹುಡುಗರು ಸಾವಿರ ವರ್ಷ ಹಿಂದಿನದನ್ನು ಹಾಡಲು ಸಾಧ್ಯವಾದದ್ದು ಯಾರೋ ಒಬ್ಬರು ಕೂತು ಬರೆದಿಟ್ಟದ್ದರಿಂದ. ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ಒಂದು ನೋಟುಪುಸ್ತಕ ಹಿಡಿದು ಅಜ್ಜಿಯಂದಿರ ಮನೆಗೆ ಹೊರಡುತ್ತಿದ್ದೇವೆ. ಬರುವವರು ಬನ್ನಿ. ನಮ್ಮ ಗಿಟಾರಿನ ತಮ್ಮನಿಗೂ ಹೇಳಿ ಕಳಿಸಿದ್ದೇವೆ, ಆ ಪದಗಳಿಗೆ ಶ್ರುತಿ ಹಿಡಿಯುವವರು ಬೇಕಲ್ಲ.